ತಾಮ್ರದ ಬಾಯ್ಲರಿನ ಸಂಧಾನ

ಪುರಾಣದ ವೀರರಿಗೆ ರಥ ಇರುತ್ತದೆ, ಕುದುರೆ ಇರುತ್ತದೆ, ಹಿಂದೆ ನಿಂತು ಕೊಡೆ ಹಿಡಿಯುವವನೊಬ್ಬ ಇರುತ್ತಾನೆ. ಡೊಂಬಿವಲಿಯ ದೇಜಪ್ಪಣ್ಣನಿಗೆ ಇದ್ದದ್ದು ಒಂದು ಸೆಕೆಂಡ್ ಕ್ಲಾಸ್ ರೈಲ್ವೆ ಪಾಸು, ಒಂದು ಮಡಚುವ ಕೊಡೆ ಮತ್ತು ಒಂದು ಬಾಯಿ. ಪಾಸನ್ನು ಮೂರು ತಿಂಗಳಿಗೊಮ್ಮೆ ಹೊಸದು ಮಾಡಿಸಬೇಕಿತ್ತು, ಕೊಡೆಯನ್ನು ಮಳೆಗಾಲಕ್ಕೊಮ್ಮೆ. ಬಾಯಿಗೆ ಮಾತ್ರ ಐವತ್ತೇಳು ವರ್ಷಗಳಲ್ಲಿ ಒಂದು ಸಣ್ಣ ರಿಪೇರಿಯೂ ಬಂದಿರಲಿಲ್ಲ.

ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಗೆ ಸ್ಲೋ ಲೋಕಲ್, ಅಲ್ಲಿಂದ ಮಾಜಿವಾಡಾ ನಾಕಾಕ್ಕೆ ಶೇರ್ ರಿಕ್ಷಾ. ಆ ನಾಲ್ಕುರಸ್ತೆಯ ಪಕ್ಕದ ಉಡುಪಿ ಹೋಟೆಲಿನಲ್ಲಿ ದೇಜಪ್ಪಣ್ಣ ಮೊದಲು ಸಪ್ಲೈಯರ್ ಆಗಿದ್ದರು, ಆಮೇಲೆ ಕ್ಯಾಪ್ಟನ್ ಆದರು, ಮೊಣಕಾಲುಗಳು ಮುಷ್ಕರ ಹೂಡಿದ ಮೇಲೆ ಗಲ್ಲಾಕ್ಕೆ ಬಂದು ಕೂತರು. ಕ್ಯಾಪ್ಟನ್ ಆಗಿದ್ದಾಗ ಇಪ್ಪತ್ತೆರಡು ಮೇಜುಗಳ ಆರ್ಡರನ್ನು ಕಾಗದ ಮುಟ್ಟದೆ ತಲೆಯಲ್ಲಿಟ್ಟುಕೊಂಡು ಅಡಿಗೆಮನೆಯ ಕಿಂಡಿಗೆ ಕೂಗಿ ಹೇಳುತ್ತಿದ್ದರು. ಒಮ್ಮೆ ಒಬ್ಬ ಗಿರಾಕಿ ಏಳು ವರ್ಷ ದುಬೈಯಲ್ಲಿದ್ದು ವಾಪಸು ಬಂದು ಕುರ್ಚಿ ಎಳೆಯುವ ಮೊದಲೇ, "ಈರುಳ್ಳಿ ಇಲ್ಲದ ಉತ್ತಪ್ಪ, ಸಾಂಬಾರು ಬೇರೆ ಬಟ್ಟಲಲ್ಲಿ, ಅಲ್ವಾ ಸೇಟ್?" ಎಂದು ಕೇಳಿದ್ದರು. ಆ ಮನುಷ್ಯನ ಕಣ್ಣಲ್ಲಿ ನೀರು ಬಂತಂತೆ. ಹಸಿಮೆಣಸಿನಿಂದ ಬಂದದ್ದು ಎಂದು ಹೊಟ್ಟೆಕಿಚ್ಚಿನವರು ಹೇಳುತ್ತಾರೆ.

ಈ ನೆನಪಿನ ಶಕ್ತಿ ಹೋಟೆಲಿನ ಕೆಲಸಕ್ಕಷ್ಟೇ ಮೀಸಲಾಗಿರಲಿಲ್ಲ. ದೇಜಪ್ಪಣ್ಣ ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆ ನೋಡದವರಿಗಾಗಿ ಹೇಳುವುದಾದರೆ, ಅದು ವೇಷವಿಲ್ಲದ ಯಕ್ಷಗಾನ. ಕಿರೀಟ ಇಲ್ಲ, ಬಣ್ಣ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ಚೆಂಡೆ ಮದ್ದಳೆ ನುಡಿಯುತ್ತವೆ, ಪಂಚೆ ಉಟ್ಟ ನಾಲ್ಕು ಜನ ಸಾಲಾಗಿ ಕೂತು ರಾಜರೂ ಮಂತ್ರಿಗಳೂ ಆಗಿ ಆ ಹೊತ್ತಿಗೆ ಹೊಳೆದ ಮಾತಿನಲ್ಲೇ ಜಗಳವಾಡುತ್ತಾರೆ; ಆ ಮಾತಿಗೇ 'ಅರ್ಥ' ಎಂದು ಹೆಸರು. ಎದುರು ಕೂತವನು ರಾಜನೋ ಸೇವಕನೋ ಎನ್ನುವುದು ಅವನ ಮಾತಿನಿಂದಲೇ ಗೊತ್ತಾಗಬೇಕು. ಅಲ್ಲಿ ಬೇರೆ ಗುರುತಿನ ಚೀಟಿ ಇಲ್ಲ.

ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನರಿ ಅಂಗಡಿಯೊಂದರ ಮೇಲಿನ ಹಾಲಿನಲ್ಲಿ, ನಮ್ಮ ಕರಾವಳಿಯವರ ಸಂಘ ತಿಂಗಳಿಗೊಂದು ಆದಿತ್ಯವಾರ ಈ ಯುದ್ಧವನ್ನು ಏರ್ಪಡಿಸುತ್ತದೆ. ದೇಜಪ್ಪಣ್ಣನಿಗೆ ರಾಜನ ಪಾತ್ರ ಯಾವತ್ತೂ ಸಿಗಲಿಲ್ಲ. ಮೂವತ್ತು ವರ್ಷ ಅಡಿಗೆಮನೆಯ ಕಿಂಡಿಗೆ ಕೂಗಿ ಕೂಗಿ ಅವರ ದನಿ ಹರಿದ ಚೆಂಡೆಯ ಹಾಗೆ ಆಗಿತ್ತು. ಸಿಂಹಾಸನಕ್ಕೆ ಗುಡುಗು ಬೇಕು. ಅದು ನೆರೂಳಿನ ತಾರಾನಾಥರಲ್ಲಿತ್ತು. ದೇಜಪ್ಪಣ್ಣನ ಪಾಲಿಗೆ ಬಂದದ್ದು ದೂತ. ಒಬ್ಬ ರಾಜನ ಮಾತನ್ನು ಇನ್ನೊಬ್ಬ ರಾಜನ ಬಳಿಗೆ ಒಯ್ಯುವವನು, ಎರಡೂ ಕಡೆ ಬೈಸಿಕೊಳ್ಳುವವನು. ಇಪ್ಪತ್ತಾರು ವರ್ಷ ದೂತನಾಗಿ ಅವರು ಕಲಿತದ್ದನ್ನು ಯಾವ ವಿದೇಶಾಂಗ ಇಲಾಖೆಯೂ ಕಲಿತಿರಲಾರದು.

ಅವರ ಅಕ್ಕ ರತ್ನಾವತಿ ಇದ್ದದ್ದು ಅದೇ ಡೊಂಬಿವಲಿಯಲ್ಲಿ, ಒಂದು ಹಳೆಯ ಮೂರು ಮಾಳಿಗೆಯ ಕಟ್ಟಡದಲ್ಲಿ, ಬಾಡಿಗೆಗೆ. ಗಂಡ ದೇವದಾಸರು ಕಲ್ಯಾಣದಲ್ಲಿ ಸಣ್ಣ ಹೋಟೆಲ್ ನಡೆಸಿದ್ದರು. ಅವರು ತೀರಿಕೊಂಡ ಮೇಲೆ ಹೋಟೆಲ್ ಮುಚ್ಚಿತು. ಮೇಜು, ಕುರ್ಚಿ, ಗ್ರೈಂಡರ್ ಎಲ್ಲ ಮಾರಿಹೋಗಿ ಉಳಿದದ್ದು ಚಹಾದ ನೀರು ಕಾಯಿಸುವ ಒಂದು ತಾಮ್ರದ ಬಾಯ್ಲರ್. ಎದೆಮಟ್ಟ ಎತ್ತರ, ನಡುವೆ ಕೆಂಡ ಹಾಕುವ ಕೊಳವೆ, ಮುಂದೆ ಹಿತ್ತಾಳೆಯ ನಳ್ಳಿ. ಎಪ್ಪತ್ತು ವರ್ಷ ಹಳೆಯದು. ಗುಜರಿಯವನು ಆರು ಸಾವಿರ ಹೇಳಿದ್ದ. ಅಡಿಯಲ್ಲಿ ಒಂದು ದೊಡ್ಡ ಬೆಸುಗೆ ಇತ್ತು. ಅಷ್ಟಾದರೂ ಒಮ್ಮೊಮ್ಮೆ ಜಿನುಗುತ್ತಿತ್ತು.

ಎರಡು ಸಾವಿರದ ಒಂಬತ್ತರ ಮೇ ತಿಂಗಳಲ್ಲಿ ಮುನಸಿಪಾಲಿಟಿಯವರು ಬಂದು ಕಟ್ಟಡದ ಗೋಡೆಗೆ ನೋಟೀಸು ಅಂಟಿಸಿದರು. ಕಟ್ಟಡ ಅಪಾಯದಲ್ಲಿದೆ, ಮಳೆಗಾಲಕ್ಕೆ ಮೊದಲು ಖಾಲಿ ಮಾಡಿ. ರತ್ನಾವತಿಯಕ್ಕನ ಬ್ಯಾಂಕಿನಲ್ಲಿ ಇದ್ದದ್ದು ಒಟ್ಟು ಒಂದೂವರೆ ಲಕ್ಷ. ಕಲ್ಯಾಣದ ಆಚೆ ಟಿಟ್ವಾಳಾದಲ್ಲಿ ಒಂದು ರೂಮು ಕಿಚನ್ನಿಗೆ ಅಷ್ಟೇ ಬುಕಿಂಗ್ ಹಣ. ಬಾಕಿಯದ್ದು ಮಗ ಲತೀಶನ ಸಂಬಳದ ಮೇಲೆ ಸಾಲ. ತಿಂಗಳ ಕೊನೆಯೊಳಗೆ ಕಟ್ಟದಿದ್ದರೆ ಅದೂ ಕೈತಪ್ಪುತ್ತಿತ್ತು. ಆದರೆ ಅರುವತ್ತಮೂರರ ರತ್ನಾವತಿಯಕ್ಕನಿಗೆ ಟಿಟ್ವಾಳಾ ಎಂದರೆ ಭೂಪಟದ ಅಂಚು. ಡೊಂಬಿವಲಿಯ ತರಕಾರಿಯವಳು, ಭಜನೆ, ಸಂಘದ ಸಭಾಂಗಣ, ಮೂವತ್ತು ವರ್ಷದ ಜಗಳಗಂಟಿ ನೆರೆಯವರು, ಇದನ್ನೆಲ್ಲ ಬಿಟ್ಟು ಹೋಗುವುದು ಹೇಗೆ?

ಆಗ ಲತೀಶನಿಗೆ ಒಂದು ಉಪಾಯ ಹೊಳೆಯಿತು. ಮಹಾಪೆಯಲ್ಲಿ ಕಂಪ್ಯೂಟರ್ ಕೆಲಸ ಮಾಡುತ್ತಿದ್ದ ಹುಡುಗ. ಬಾಯ್ಲರಿನ ಫೋಟೋ ತೆಗೆದು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಜಾಹೀರಾತು ಹಾಕಿದ: ಆಂಟಿಕ್, ಮಾರಾಟಕ್ಕಿದೆ. ಫೋಟೋ ತೆಗೆಯುವಾಗ ಬೆಸುಗೆ ಕಾಣದ ಹಾಗೆ ಬಾಯ್ಲರನ್ನು ತಿರುಗಿಸಿ ನಿಲ್ಲಿಸಿದ್ದು ರತ್ನಾವತಿಯಕ್ಕ. ಅದರ ಬಗ್ಗೆ ಅವರು ಯಾರಿಗೂ ಏನೂ ಹೇಳಲಿಲ್ಲ. ತಮಗೇ ಕೂಡ ಹೇಳಿಕೊಳ್ಳಲಿಲ್ಲ.

ನಾಲ್ಕನೆಯ ದಿನ ಇಮೇಲ್ ಬಂತು. ಬರೆದವನು ಕ್ಲೆಮೆಂಟ್ ಎಂಬ ಮಧ್ಯವರ್ತಿ, ಬೇಲಾಪುರದಲ್ಲಿ ಕಚೇರಿಯಂತೆ. ಲಂಡನ್ನಿನಲ್ಲಿರುವ ಡಾಕ್ಟರ್ ವಿಲ್ಫ್ರೆಡ್ ಎಂಬ ತನ್ನ ಧಣಿ ಪುರಾತನ ವಸ್ತುಗಳನ್ನು ಸಂಗ್ರಹಿಸುತ್ತಾರೆ, ಈ ಕಲಾಕೃತಿಗೆ ಆರು ಲಕ್ಷ ರೂಪಾಯಿ ಕೊಡಲು ಸಿದ್ಧರಿದ್ದಾರೆ ಎಂದು ಬರೆದಿದ್ದ.

ಆರು ಲಕ್ಷ! ಬಾಯ್ಲರಿಗೆ ಹೊದಿಸಿದ್ದ ಹಳೆ ಲುಂಗಿಯನ್ನು ಅಂದೇ ತೆಗೆದು ರತ್ನಾವತಿಯಕ್ಕ ಒಂದು ಶಾಲು ಹೊದಿಸಿದರು.

ಇಲ್ಲಿ ನಮ್ಮ ವೀರ ಎಡವಿದ್ದನ್ನೂ ಹೇಳಬೇಕು. ಅಕ್ಕ ಕರೆಸಿದಾಗ ದೇಜಪ್ಪಣ್ಣ ಬಂದು, ಲತೀಶನಿಂದ ಆ ಇಂಗ್ಲಿಷ್ ಪತ್ರವನ್ನು ಓದಿಸಿ, ಅರ್ಥ ಹೇಳಿಸಿಕೊಂಡು, ಸಂಶಯಪಡುವುದನ್ನು ಬಿಟ್ಟು ಮೋಹಗೊಂಡರು.

"ಎಂಥ ವಿನಯ ಮಾರಾಯ ಇವನದ್ದು! 'ಗೌರವಾನ್ವಿತ ಮೇಡಂ, ತಮ್ಮ ಸತ್ಕುಟುಂಬದ ಕ್ಷೇಮವನ್ನು ಹಾರೈಸುತ್ತಾ.' ಮೊದಲು ಕ್ಷೇಮ, ಆಮೇಲೆ ಕಾರ್ಯ. ದೂತ ಅಂದ್ರೆ ಹೀಗಿರ್ಬೇಕು. ನಮ್ಮ ಸಂಘದಲ್ಲಿ ಇಂಥವ ಒಬ್ಬ ಇಲ್ಲ ಅಕ್ಕ, ನನ್ನನ್ನೂ ಸೇರಿಸಿ ಹೇಳ್ತೇನೆ."

ಬೇರೆ ಯಾರಾದರೂ ಆಗಿದ್ದರೆ ಆರು ಲಕ್ಷಕ್ಕೆ ಮರುಳಾಗುತ್ತಿದ್ದರು. ದೇಜಪ್ಪಣ್ಣ ಮರುಳಾದದ್ದು ವಾಕ್ಯಕ್ಕೆ. ಎರಡು ವಾರದಲ್ಲಿ ಹದಿನಾಲ್ಕು ಪತ್ರ ಬಂದವು. ಹದಿನಾಲ್ಕನ್ನೂ ಕನ್ನಡ ಮಾಡಿಸಿ, ಬಾಯಿಪಾಠ ಮಾಡಿ, ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡುತ್ತಾ ಗುನುಗುತ್ತಿದ್ದರು. ಮುಂದಿನ ಆದಿತ್ಯವಾರದ ಪ್ರಸಂಗದಲ್ಲಿ ತಮ್ಮ ದೂತನ ಬಾಯಲ್ಲಿ ಆ ಮಾತುಗಳನ್ನು ಹಾಕಿ ತಾರಾನಾಥರ ಗುಡುಗನ್ನು ಅಡಗಿಸುವ ಯೋಜನೆ ಅವರದು.

ಹನ್ನೆರಡನೆಯ ಪತ್ರದಲ್ಲಿ ಕ್ಲೆಮೆಂಟ್ ವಿಷಯಕ್ಕೆ ಬಂದಿದ್ದ. ಪುರಾತನ ವಸ್ತುವಿನ ಪರೀಕ್ಷೆ, ಸರ್ಟಿಫಿಕೇಟು, ವಿಮೆ, ಇದಕ್ಕೆಲ್ಲ ಒಂದು ಲಕ್ಷ ಮೂವತ್ತೈದು ಸಾವಿರವನ್ನು ಮಾರುವವರು ಮೊದಲು ಕಟ್ಟಬೇಕು; ಆರು ಲಕ್ಷದ ಡಿಡಿಯೊಂದಿಗೆ ಅದೂ ವಾಪಸು ಬರುತ್ತದೆ. ಸೋಮವಾರ ಮಧ್ಯಾಹ್ನದೊಳಗೆ ಕಟ್ಟದಿದ್ದರೆ ಧಣಿಗಳು ಬೇರೆ ವಸ್ತು ನೋಡುತ್ತಾರೆ. ಈ ವಿಷಯ ಮನೆಯವರಲ್ಲೇ ಇರಲಿ. ಡಿಡಿಯ ಚಿತ್ರವೊಂದನ್ನೂ ಕಳಿಸಿದ್ದ.

ರತ್ನಾವತಿಯಕ್ಕ ನಿರ್ಧಾರ ಮಾಡಿಬಿಟ್ಟರು. ಸೋಮವಾರ ಬ್ಯಾಂಕು ತೆರೆದ ತಕ್ಷಣ ಹಣ ಕಟ್ಟುವುದು. ಟಿಟ್ವಾಳಾ ಹಾಳಾಗಿ ಹೋಗಲಿ, ಡೊಂಬಿವಲಿಯಲ್ಲೇ ಮನೆ.

ಶುಕ್ರವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಒಂಬತ್ತನೆಯ ಪತ್ರವನ್ನು ಗುನುಗುತ್ತಿದ್ದ ದೇಜಪ್ಪಣ್ಣ ಅರ್ಧಕ್ಕೆ ನಿಂತರು. ಕೈಯಲ್ಲಿದ್ದ ಚಿಲ್ಲರೆ ಕೈಯಲ್ಲೇ ಉಳಿಯಿತು. ಆ ಮಾತುಗಳನ್ನು ತಾರಾನಾಥರ ಎದುರು ಹೇಗೆ ಆಡುವುದೆಂದು ಯೋಚಿಸುತ್ತಿದ್ದವರಿಗೆ ಮುಂದೆ ದಾರಿಯೇ ಕಾಣಲಿಲ್ಲ. ದೂತ ಎಂದರೆ ಧಣಿಯ ಪ್ರಶ್ನೆಯನ್ನು ಹೊತ್ತು ಬರುವವನು. ನನ್ನ ಒಡೆಯ ಹೀಗೆ ಕೇಳಿದ್ದಾನೆ, ಏನು ಹೇಳಲಿ ಎನ್ನಬೇಕು. ಅದಿಲ್ಲದಿದ್ದರೆ ಎದುರಿನವನಿಗೆ ಉತ್ತರ ಕೊಡಲು ಜಾಗವೇ ಇಲ್ಲ, ಸಂವಾದ ಸತ್ತುಹೋಗುತ್ತದೆ. ಅವರು ಹದಿನಾಲ್ಕು ಪತ್ರಗಳನ್ನೂ ಮನಸ್ಸಿನಲ್ಲಿ ಮೊದಲಿನಿಂದ ಓಡಿಸಿದರು. ಹೊಗಳಿಕೆ ಇತ್ತು, ಹಾರೈಕೆ ಇತ್ತು, ಅವಸರ ಇತ್ತು. ಪ್ರಶ್ನೆ ಒಂದೇ ಒಂದು ಇತ್ತು: ಹಣ ಯಾವಾಗ ಕಟ್ಟುತ್ತೀರಿ?

"ಅಯ್ಯೋ ದೇವರೇ," ಎಂದರು ದೇಜಪ್ಪಣ್ಣ, ಗಲ್ಲಾದ ಎದುರು ನಿಂತವನಿಗೆ. "ಇವನಿಗೆ ಧಣಿಯೇ ಇಲ್ಲ!"

"ಮೇರಾ ಚಾಲೀಸ್ ರುಪಯಾ ದೇ ದೋ ಪೆಹಲೇ," ಎಂದ ಅವನು.

ಶನಿವಾರ ಸಂಜೆ ಅಕ್ಕನ ಮನೆಯಲ್ಲಿ ನಡೆದ ಮೊದಲ ಯುದ್ಧದಲ್ಲಿ ನಮ್ಮ ವೀರನಿಗೆ ಹೀನಾಯ ಸೋಲಾಯಿತು.

"ಅಕ್ಕ, ಇದು ಮೋಸ. ಹಣ ಕಟ್ಬೇಡ."

"ಯಾರು ಹೇಳಿದ್ದು?"

"ಯಾರು ಹೇಳುದು ಎಂಥದು? ನನಗೇ ಗೊತ್ತಾಯ್ತು. ಅವ ದೂತ ಅಲ್ಲ."

"ಎರಡು ವಾರದ ಹಿಂದೆ ಇದೇ ಚಾಪೆಯಲ್ಲಿ ಕೂತು ಇಂಥ ದೂತ ಲೋಕದಲ್ಲಿ ಇಲ್ಲ ಅಂದದ್ದು ನೀನೇ ಅಲ್ವಾ? ಅದು ಯಾವ ಬಾಯಿ, ಇದು ಯಾವ ಬಾಯಿ?"

"ಅದೂ ಇದೇ ಬಾಯಿ. ತಪ್ಪಿತು. ಮಾತು ಚಂದ ಉಂಟು ಅಂತ ಬಿದ್ದುಹೋದೆ."

ಲತೀಶ ಕಂಪ್ಯೂಟರಿನ ಪ್ರಿಂಟನ್ನು ಎದುರು ಹಿಡಿದ. ಅವನಿಗೆ ತುಳು, ಕನ್ನಡ ಎರಡೂ ಅರ್ಥವಾಗುತ್ತದೆ. ಬಾಯಿಂದ ಬರುವುದು ಮಾತ್ರ ಹಿಂದಿ. "ಮಾಮಾ, ಟೆನ್ಶನ್ ಮತ್ ಲೋ. ಡಿಡಿ ಕಾ ಫೋಟೋ ಹೈ ನಾ, ಯೇ ದೇಖೋ."

"ಇಡ್ಲಿಯ ಫೋಟೋ ನೋಡಿದ್ರೆ ಹೊಟ್ಟೆ ತುಂಬ್ತದಾ?"

"ನಿನಗೆ ಇಡ್ಲಿ ಬಿಟ್ಟು ಬೇರೆ ಎಂಥ ಗೊತ್ತುಂಟು ದೇಜು?" ಎಂದರು ರತ್ನಾವತಿಯಕ್ಕ. "ನಾನು ಡೊಂಬಿವಲಿಯಲ್ಲೇ ಸಾಯ್ತೇನೆ ಅಂತ ಒಂದು ದಾರಿ ಕಾಣುವಾಗ ನಿನಗೆ ತಡೀಲಿಕ್ಕೆ ಆಗುದಿಲ್ಲ. ಸೋಮವಾರ ಹಣ ಕಟ್ಟುದು ಕಟ್ಟುದೇ. ಚಾ ಕುಡಿ, ಹೋಗು."

ದೇಜಪ್ಪಣ್ಣ ಚಹಾ ಕುಡಿಯದೆ ಹೋದರು. ಐವತ್ತೇಳು ವರ್ಷದಲ್ಲಿ ಅದು ಮೊದಲು.

ಆದಿತ್ಯವಾರ ಮಧ್ಯಾಹ್ನ ಮೂರು ಗಂಟೆಗೆ ಸಂಘದ ಹಾಲಿನಲ್ಲಿ ಅರುವತ್ತು ಜನ ಸೇರಿದ್ದರು. ಮುಂದಿನ ಸಾಲಿನಲ್ಲಿ ಎಂದಿನಂತೆ ರತ್ನಾವತಿಯಕ್ಕ, ತಮ್ಮನ ಕಡೆ ನೋಡದೆ. ಗೋಳಿಬಜೆಯ ವಾಸನೆ ಹಾಲಿನೊಳಗೆ ಬಂದಾಗಿತ್ತು. ರಾಜನ ಪಾತ್ರಧಾರಿ ಮಾತ್ರ ಬಂದಿರಲಿಲ್ಲ. ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್, ಹಳಿ ರಿಪೇರಿಗೆಂದು ರೈಲು ನಿಲ್ಲಿಸಿದ್ದರು. ತಾರಾನಾಥರು ನೆರೂಳಿನಿಂದ ಠಾಣೆಯವರೆಗೆ ಬಂದು ಅಲ್ಲಿ ಪ್ಲಾಟ್‌ಫಾರ್ಮಿನ ಮೇಲೆ ಗುಡುಗುತ್ತಿದ್ದರು.

"ಇನ್ನು ಒಂದೂವರೆ ಗಂಟೆ ಆಗ್ತದಂತೆ," ಎಂದು ಭಾಗವತ ಚೆನ್ನಯಣ್ಣ ಫೋನು ಕೆಳಗಿಟ್ಟರು. ಅವರ ಮುಖ ಹಳೆ ಮದ್ದಳೆಯ ಹಾಗೆ ಜೋತುಬಿದ್ದಿತ್ತು. "ರಾಜ ಇಲ್ಲದೆ ಸಂಧಾನ ಯಾರ ಹತ್ತಿರ ಮಾಡುದು ದೇಜಪ್ಪ?"

ಈ ಸಂಕಟದಲ್ಲಿ ದೇಜಪ್ಪಣ್ಣ ಎದ್ದು ನಿಂತರು. ಆಮೇಲೆ ನಡೆದದ್ದನ್ನು ಕೆಲವರು ಆ ಕ್ಷಣದ ಸ್ಫೂರ್ತಿ ಎನ್ನುತ್ತಾರೆ. ಹಿಂದಿನ ದಿನ ಕುಡಿಯದೆ ಬಿಟ್ಟ ಚಹಾ ಅವರೊಳಗೆ ಕುದಿಯುತ್ತಿತ್ತು ಎನ್ನುವುದೇ ಸರಿ.

"ಬಂಧುಗಳೇ, ರಾಜರು ರೈಲಿನಲ್ಲಿ ಸೆರೆಯಾಗಿದ್ದಾರೆ. ಅಲ್ಲಿಯವರೆಗೆ ಒಂದು ಹೊಸ ಪ್ರಸಂಗ. ಸಮುದ್ರದ ಆಚೆ ಒಬ್ಬ ದೊಡ್ಡ ಧಣಿ. ಅವನಿಗೆ ಒಂದು ಹಳೆಯ ತಾಮ್ರದ ಹಂಡೆ ಬೇಕಾಗಿದೆ. ಅದಕ್ಕೆ ಆರು ಲಕ್ಷ ವರಹ ಕೊಡ್ತಾನೆ. ಹಂಡೆಯ ವಿಷಯ ಮಾತಾಡಿ ಬರಲಿಕ್ಕೆ ದೂತನನ್ನು ಕಳಿಸಿದ್ದಾನೆ. ದೂತ ಈಗ ವಾಪಸು ಬಂದ. ಆ ದೂತ ನಾನು. ಅವನು ಬರೆದ ಹದಿನಾಲ್ಕು ಪತ್ರ ನನ್ನ ಬಾಯಲ್ಲಿ ಉಂಟು. ಅದರಲ್ಲಿ ಇಲ್ಲದ ಒಂದು ಮಾತು ಆಡಿದರೂ ನನಗೆ ಸೋಲು."

"ಧಣಿ ಯಾರು?" ಎಂದು ಹಿಂದಿನಿಂದ ಯಾರೋ ಕೂಗಿದರು.

ದೇಜಪ್ಪಣ್ಣ ಮುಂದಿನ ಸಾಲಿಗೆ ಕೈಮುಗಿದರು. "ರತ್ನಾವತಿಯಕ್ಕ ಬರ್ಬೇಕು. ವ್ಯಾಪಾರದಲ್ಲಿ ಅವರನ್ನು ಸೋಲಿಸಿದ ಒಬ್ಬ ತರಕಾರಿಯವ ಈ ಡೊಂಬಿವಲಿಯಲ್ಲಿ ಇನ್ನೂ ಹುಟ್ಟಲಿಲ್ಲ."

ಜನ ಚಪ್ಪಾಳೆ ತಟ್ಟಿದರು. ರತ್ನಾವತಿಯಕ್ಕ ತಮ್ಮನನ್ನು ಸುಡುವ ಹಾಗೆ ನೋಡಿದರು. ಎದ್ದು ಹೋಗಬಹುದಿತ್ತು. ಆದರೆ ಅರುವತ್ತು ಜನರ ಎದುರು ದೇಜುವಿನ ಜೊತೆ ಮಾತಿನಲ್ಲಿ ಹಿಂದೆ ಸರಿದಳು ಎಂದಾಗುವುದು ಟಿಟ್ವಾಳಾಕ್ಕಿಂತ ದೂರದ ಮಾತು. ಸೆರಗು ಸಿಕ್ಕಿಸಿ, ವೇದಿಕೆ ಹತ್ತಿ, ತಾರಾನಾಥರ ಜಾಗದಲ್ಲಿ ಕಾಲು ಮಡಚಿ ಕೂತರು.

"ಬಾಯಿ ಮುಚ್ಚಿಸ್ತೇನೆ ನಿನ್ನದು," ಎಂದು ಮೆಲ್ಲಗೆ ಹೇಳಿದರು.

"ಅದೇ ಬೇಕು ಅಕ್ಕ. ನೆನಪಿರ್ಲಿ, ಆರು ಲಕ್ಷ ನಿನ್ನದು."

ಚೆನ್ನಯಣ್ಣ ತಾಳ ಎತ್ತಿಕೊಂಡು, ಇಲ್ಲದ ಪದವೊಂದನ್ನು ಇದ್ದ ರಾಗಕ್ಕೆ ಕೂಡಿಸಿ ಹಾಡಿದರು. ಚೆಂಡೆ ಗುಡುಗಿತು. ದೇಜಪ್ಪಣ್ಣ ಬಾಗಿ ನಮಸ್ಕರಿಸಿದರು.

"ಗೌರವಾನ್ವಿತ ಧಣಿಗಳೇ, ತಮ್ಮ ಸತ್ಕುಟುಂಬದ ಕ್ಷೇಮವನ್ನು ಹಾರೈಸುತ್ತಾ. ಆ ಅಮೂಲ್ಯ ಕಲಾಕೃತಿ ನಮ್ಮ ಕೈಗೆ ಬರುವ ಶುಭ ಗಳಿಗೆ ಹತ್ತಿರವಾಗಿದೆ."

ರತ್ನಾವತಿಯಕ್ಕ ಗಂಟಲು ಸರಿಮಾಡಿಕೊಂಡು ಗ್ರಾಂಥಿಕವಾಗಿ ಶುರುಮಾಡಿದರು. "ಎಲೈ ದೂತನೇ, ಸಂತೋಷವಾಯಿತು. ಆ ಹಂಡೆಯ ತೂಕವೆಷ್ಟು?"

"ಧಣಿಗಳೇ, ಅದು ಅತ್ಯಂತ ಅಪರೂಪದ ಕಲಾಕೃತಿ."

"ಅಪರೂಪದ್ದೋ ಅಲ್ಲವೋ ನಾನು ನೋಡುವೆ. ತಾಮ್ರವನ್ನು ತೂಕದಲ್ಲಿ ಕೊಳ್ಳುತ್ತಾರೆ. ಎಷ್ಟು ಕಿಲೋ?"

"ದೇವರ ಕೃಪೆಯಿಂದ ನಮ್ಮ ವ್ಯವಹಾರ ಸುಗಮವಾಗಿ ಸಾಗಲಿ."

ಜನ ನಕ್ಕರು. ರತ್ನಾವತಿಯಕ್ಕ ಮುಂದಕ್ಕೆ ಬಾಗಿದರು. ತರಕಾರಿ ಬುಟ್ಟಿಯ ಎದುರು ಕೂರುವಾಗಿನ ಭಂಗಿ ಅದು.

"ದೇವರ ಕೃಪೆ ಇರಲಿ. ಎಷ್ಟು ಕೊಡ ನೀರು ಹಿಡಿಯುತ್ತದೆ?"

"ಹಣದ ಬಗ್ಗೆ ತಾವು ಯಾವ ಚಿಂತೆಯನ್ನೂ ಮಾಡಬೇಕಾಗಿಲ್ಲ."

"ಚಿಂತೆ ಮಾಡದೆ? ಆರು ಲಕ್ಷ ನನ್ನದಲ್ವಾ? ನೀನು ಹೋಗಿ ನೋಡಿದ್ದೀಯಾ ಇಲ್ವಾ? ಮುಟ್ಟಿದ್ದೀಯಾ? ಬೆರಳಲ್ಲಿ ತಟ್ಟಿದ್ದೀಯಾ? ತಟ್ಟಿದ್ರೆ ಶಬ್ದದಲ್ಲೇ ಗೊತ್ತಾಗ್ತದೆ ತಾಮ್ರ ಎಂಥದ್ದು ಅಂತ." ಗ್ರಾಂಥಿಕ ಭಾಷೆ ಹಾರಿಹೋಗಿ ಅಡಿಗೆಮನೆಯ ಮಾತು ಬಂದಿತ್ತು. "ಅದರ ನಳ್ಳಿ ಹೇಗುಂಟು?"

"ಹಂಡೆಗೆ ಎಲ್ಲಿಯ ನಳ್ಳಿ ಅಕ್ಕ?" ಎಂದು ಹಿಂದಿನಿಂದ ಒಬ್ಬ ಕೂಗಿದ.

"ನನ್ನ ಹಂಡೆ, ನನ್ನ ನಳ್ಳಿ. ನೀನು ಗೋಳಿಬಜೆ ತಿನ್ನು!" ಎಂದು ಧಣಿ ಗರ್ಜಿಸಿದರು. ಸೂರು ಹಾರಿಹೋಗುವಷ್ಟು ನಗು.

ದೇಜಪ್ಪಣ್ಣ ಮಾತ್ರ ನಗಲಿಲ್ಲ. ಅವರು ಕಾಯುತ್ತಿದ್ದದ್ದು ಯಾವ ಪ್ರಶ್ನೆಗೆ ಎಂದು ಅವರಿಗೂ ತಿಳಿದಿರಲಿಲ್ಲ. ಧಣಿಯ ಜಾಗದಲ್ಲಿ ಕೂರಿಸಿದರೆ ಅಕ್ಕ ಏನಾದರೂ ಕೇಳಿಯೇ ಕೇಳುತ್ತಾಳೆ ಎನ್ನುವುದೊಂದೇ ಅವರ ನಂಬಿಕೆ.

"ಸರಿ, ಕಡೆಯ ಮಾತು," ಎಂದರು ರತ್ನಾವತಿಯಕ್ಕ, ಗೆಲುವಿನ ರುಚಿ ಹತ್ತಿ. "ಹಳೆ ಪಾತ್ರೆ ತೆಗೊಳ್ಳುವವರು ಮೊದಲು ಕವುಚಿ ಹಾಕಿ ನೋಡ್ತಾರೆ. ಎಷ್ಟು ಸಣ್ಣ ಮಕ್ಕಳಿಗೂ ಗೊತ್ತುಂಟು. ಹೇಳು, ಅದರ ಅಡಿ..."

ಅಲ್ಲಿಗೆ ಮಾತು ನಿಂತಿತು.

ಅಡಿಯಲ್ಲಿ ಬೆಸುಗೆ ಇತ್ತು. ಎರಡು ವಾರದಿಂದ ಪ್ರತಿ ಇಮೇಲ್ ಬಂದಾಗಲೂ ಅವರ ಎದೆ ಹೊಡೆದುಕೊಂಡದ್ದು ಅದೊಂದೇ ಪ್ರಶ್ನೆಗೆ: ಅಡಿ ಹೇಗಿದೆ ಎಂದು ಕೇಳಿಬಿಟ್ಟರೆ? ಪ್ರತಿ ಸಲ ಕೇಳದೆ ಬಿಟ್ಟಾಗ ಬದುಕಿದೆ ಎಂದುಕೊಂಡಿದ್ದರು. ಲಂಡನ್ನಿನವನಿಗೆ ತಾನು ಸಣ್ಣದೊಂದು ಟೋಪಿ ಹಾಕುತ್ತಿದ್ದೇನೆ ಎನ್ನುವ ಅಂಜಿಕೆಯಲ್ಲಿ, ಟೋಪಿ ತನ್ನ ತಲೆಗೇ ಇಳಿಯುತ್ತಿರುವುದು ಅವರಿಗೆ ಕಾಣಲೇ ಇಲ್ಲ. ಈಗ ಆರು ಲಕ್ಷ ಹಿಡಿದು ಆಚೆ ಬದಿಯಲ್ಲಿ ಕೂತಾಗ, ಬಾಯಿಗೆ ತಾನಾಗಿ ಬಂದದ್ದು ಅದೇ ಪ್ರಶ್ನೆ. ಕೊಳ್ಳುವ ಮನಸ್ಸಿದ್ದವನು ಯಾರಾದರೂ ಕೇಳಲೇಬೇಕಾದ ಪ್ರಶ್ನೆ.

ಪಾತ್ರದ ಮೌನ ಎಂದುಕೊಂಡು ಜನ ಉಸಿರು ಹಿಡಿದಿದ್ದರು.

"ಅಡಿ ಹೇಗುಂಟು ಅಂತ ನಿನಗೆ ಗೊತ್ತಿಲ್ಲ," ಎಂದರು ರತ್ನಾವತಿಯಕ್ಕ. ದನಿ ಬಹಳ ಕೆಳಗಿತ್ತು.

"ಹದಿನಾಲ್ಕು ಪತ್ರದಲ್ಲಿ ಅದು ಇಲ್ಲ ಧಣಿಗಳೇ."

"ತೂಕ?"

"ಇಲ್ಲ."

"ಹಾಗಾದರೆ ಎಂಥ ಉಂಟು ಅದರಲ್ಲಿ?"

"ಹಣ ಯಾವಾಗ ಕಟ್ಟುತ್ತೀರಿ ಅಂತ ಉಂಟು."

ರತ್ನಾವತಿಯಕ್ಕ ಎದ್ದು ನಿಂತರು. ತಾಳಮದ್ದಳೆಯಲ್ಲಿ ಅರ್ಥ ಹೇಳುವಾಗ ಯಾರೂ ಎದ್ದು ನಿಲ್ಲುವುದಿಲ್ಲ. ಅವರು ನಿಂತರು. ಕೈ ಬಾಗಿಲಿನ ಕಡೆ ಚಾಚಿತ್ತು.

"ನಿನ್ನನ್ನು ಯಾರೂ ಕಳಿಸಲಿಲ್ಲ. ನೀನು ದೂತನೂ ಅಲ್ಲ, ನಿನಗೆ ಧಣಿಯೂ ಇಲ್ಲ. ಹಂಡೆ ಯಾರಿಗೂ ಬೇಡ, ಬೇಕಾದ್ದು ಆ ಬಡವಿಯ ಗಂಟು. ನಡೆ ಹೊರಗೆ, ಕಳ್ಳ!"

ಚೆಂಡೆಯವನು ತಡೆಯಲಾರದೆ ಎರಡೂ ಕೋಲು ಬಡಿದ. ಅರುವತ್ತು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಚೆನ್ನಯಣ್ಣ ಕಣ್ಣೊರೆಸಿಕೊಂಡು, ಇಪ್ಪತ್ತು ವರ್ಷದಲ್ಲಿ ಇಂಥ ಅರ್ಥ ಕೇಳಲಿಲ್ಲ ಎಂದರು. ಆ ಬಡವಿ ಯಾರು, ಆ ಗಂಟು ಎಲ್ಲಿದೆ ಎಂದು ಅಲ್ಲಿ ಮೂರು ಜನರಿಗೆ ಮಾತ್ರ ಗೊತ್ತಿತ್ತು. ಅವರಲ್ಲಿ ಒಬ್ಬನಾದ ಲತೀಶ ಹಿಂದಿನ ಸಾಲಿನಲ್ಲಿ ಗೋಳಿಬಜೆ ಕೈಯಲ್ಲಿ ಹಿಡಿದುಕೊಂಡು ಕಲ್ಲಾಗಿದ್ದ.

ತಾರಾನಾಥರು ನಾಲ್ಕೂಮುಕ್ಕಾಲಿಗೆ ಬಂದರು. ಸಿಂಹಾಸನ ಆಗಲೇ ಕೈಬಿಟ್ಟಿತ್ತು.

ಮೆಟ್ಟಿಲಿಳಿಯುವಾಗ ಅಕ್ಕ ತಮ್ಮ ಅಕ್ಕಪಕ್ಕ ಬಂದರು.

"ನೀನು ಸೋತದ್ದು ದೇಜು," ಎಂದರು ರತ್ನಾವತಿಯಕ್ಕ.

"ಸೋತೆ ಅಕ್ಕ."

"ಎಲ್ಲರ ಎದುರು."

"ಎಲ್ಲರ ಎದುರೇ."

ನಾಲ್ಕು ಮೆಟ್ಟಿಲು ಇಳಿದು ರತ್ನಾವತಿಯಕ್ಕ ನಿಂತರು. "ನನ್ನ ಹೆಸರು ಹೇಳ್ಲಿಲ್ಲ ನೀನು," ಎಂದರು ಆಮೇಲೆ. "ಇನ್ನು ಮುಂದೆಯೂ ಯಾರಿಗೂ ಹೇಳ್ಬೇಡ. ನಾಚಿಕೆ ಆಗ್ತದೆ."

"ಹೇಳುದಿಲ್ಲ."

"ನಿನ್ನ ಬಾಯಿಗೆ ಅದು ಆಗ್ತದಾ?"

"ನೋಡುವ."

ಸೋಮವಾರ ಬೆಳಿಗ್ಗೆ ರತ್ನಾವತಿಯಕ್ಕ ಬ್ಯಾಂಕಿಗೆ ಹೋದರು. ತೆಗೆದ ಹಣ ಕ್ಲೆಮೆಂಟನಿಗೆ ಹೋಗಲಿಲ್ಲ, ಟಿಟ್ವಾಳಾದ ಬಿಲ್ಡರನಿಗೆ ಹೋಯಿತು. ಒಬ್ಬರೇ ಹೋಗಲು ಧೈರ್ಯ ಸಾಲದೆ ತಮ್ಮನನ್ನೂ ಲೋಕಲ್ ಹತ್ತಿಸಿದರು. ಬಿಲ್ಡರಿನ ಆಫೀಸಿನಲ್ಲಿ ಒಂದು ಗಂಟೆ ನಲವತ್ತು ನಿಮಿಷ ಕೂತು ಅವರು ಕೇಳಿದ ಪ್ರಶ್ನೆಗಳಿಗೆ ಅಲ್ಲಿದ್ದ ಮನುಷ್ಯ ಎರಡು ಸಲ ನೀರು ಕುಡಿದ. ರಸೀದಿ ಕೈಗೆ ಬಂದ ಮೇಲೆ, ಕಿಟಕಿಯಿಂದ ಹೊರಗೆ ಆ ಕಲ್ಲುಮುಳ್ಳಿನ ಬಯಲನ್ನು ನೋಡಿ, "ಎಂಥ ಗತಿ ಮಾರಾಯ," ಎಂದರು. ರಸೀದಿಯನ್ನು ಮಾತ್ರ ರವಿಕೆಯೊಳಗೆ ಭದ್ರವಾಗಿ ಇಟ್ಟುಕೊಂಡರು. ಅತ್ತ ಕ್ಲೆಮೆಂಟನಿಗೆ ಲತೀಶ ಒಂದೇ ಸಾಲು ಬರೆದಿದ್ದ: ಅಡಿಯಲ್ಲಿ ಬೆಸುಗೆ ಇದೆ, ನಡೆಯುತ್ತದಾ? ಹದಿನೈದನೆಯ ಪತ್ರ ಬರಲಿಲ್ಲ.

ದೇಜಪ್ಪಣ್ಣ ಮಾಜಿವಾಡಾ ತಲುಪುವಾಗ ಗಂಟೆ ಎರಡಾಗಿತ್ತು. ಊಟದ ರಶ್ಶಿನಲ್ಲಿ ಗಲ್ಲಾಕ್ಕೆ ಜನವಿಲ್ಲದೆ ಹೋಟೆಲಿನ ಮಾಲೀಕ ಜಯಶೀಲ ತಾನೇ ಕೂತು ಎರಡು ಲೆಕ್ಕ ತಪ್ಪಿಸಿದ್ದ. ಮೂವತ್ತು ವರ್ಷದ ಯುವಕ. ತಂದೆಯ ನಂತರ ಹೋಟೆಲು ನೋಡಿಕೊಳ್ಳುತ್ತಿದ್ದ.

"ಎಂಥ ದೇಜಪ್ಪಣ್ಣ ಇದು? ಹೇಳದೆ ಕೇಳದೆ ಅರ್ಧ ದಿನ ಮಾಯ! ನಿಮ್ಮ ತಾಳಮದ್ದಳೆ ಮುಗಿಯಲಿಲ್ವಾ ಇನ್ನೂ? ವಯಸ್ಸಾಯ್ತು ಅಂದ್ರೆ ಹೇಳಿ, ಬೇರೆ ಜನ ನೋಡ್ತೇನೆ. ಎಲ್ಲಿ ಹೋಗಿದ್ರಿ?"

ಸಪ್ಲೈಯರ್‌ಗಳು ಟ್ರೇ ಹಿಡಿದು ನಿಂತರು. ಅಡಿಗೆಮನೆಯ ಕಿಂಡಿಯಲ್ಲಿ ಮೂರು ತಲೆ ಕಾಣಿಸಿದವು. ಮಾತಿಗೆ ಮಾತು ಕೊಡದೆ ಒಂದು ದಿನವೂ ಬಿಡದ ದೇಜಪ್ಪಣ್ಣ ಈಗ ಏನು ಹೇಳುತ್ತಾರೆ ಎಂದು ಎಲ್ಲರಿಗೂ ಕುತೂಹಲ.

ದೇಜಪ್ಪಣ್ಣ ಕೊಡೆ ಮಡಚಿ ಮೂಲೆಗಿಟ್ಟರು. ಬೈಗುಳ ಮುಗಿಯುವವರೆಗೆ ನಿಂತರು. ಆಮೇಲೆ ಗಲ್ಲಾದ ಸ್ಟೂಲಿನ ಮೇಲೆ ಕೂತು, ಮುಂದಿನ ಗಿರಾಕಿಯ ಬಿಲ್ಲಿಗೆ ಕೈ ಚಾಚಿದರು. ಒಂದು ಅಕ್ಷರ ಆಡಲಿಲ್ಲ. ಕಿಂಡಿಯಲ್ಲಿದ್ದ ಭಟ್ಟರು, "ಹುಷಾರಿಲ್ವಾ ಏನೋ," ಎಂದುಕೊಂಡರು.

ಗುಟ್ಟು ನಾಲ್ಕು ವರ್ಷ ನಿಂತಿತು. ಒಡೆದದ್ದು ರತ್ನಾವತಿಯಕ್ಕನೇ. ಎರಡು ಸಾವಿರದ ಹದಿಮೂರರಲ್ಲಿ ಟಿಟ್ವಾಳಾದ ಅವರ ಸೊಸೈಟಿಯಲ್ಲಿ ಒಬ್ಬ ಹೆಂಗಸಿಗೆ ಹಳೆ ಬೆಳ್ಳಿ ನಾಣ್ಯ ಕೊಳ್ಳುವವರ ಇಮೇಲ್ ಬಂದಾಗ, ಮಹಿಳಾ ಮಂಡಳಿಯ ಮೀಟಿಂಗಿನಲ್ಲಿ ಎದ್ದು ನಿಂತು, ತಾವು ಮರೆಮಾಡಿದ ಬೆಸುಗೆಯ ಸಮೇತ ಎಲ್ಲವನ್ನೂ ತಾವೇ ಹೇಳಿಬಿಟ್ಟರು. ಗೆದ್ದದ್ದು ತಾನು ಎನ್ನುವುದನ್ನು ಎರಡು ಸಲ ಹೇಳಿದರಂತೆ. ಸುದ್ದಿ ಲೋಕಲ್ ಹತ್ತಿ ಕಲ್ಯಾಣ, ಡೊಂಬಿವಲಿ ದಾಟಿ ಮೂರು ದಿನದಲ್ಲಿ ಮಾಜಿವಾಡಾಕ್ಕೂ ಬಂತು.

ಜಯಶೀಲ ಗಲ್ಲಾದ ಪಕ್ಕ ಬಂದು ನಿಂತ.

"ದೇಜಪ್ಪಣ್ಣ, ಅವತ್ತು ನಾನು ಅಷ್ಟು ಬೈದೆ. ಹೀಗೆ ಹೀಗೆ ಅಂತ ಒಂದು ಮಾತು ಹೇಳ್ಬಾರದಿತ್ತಾ?"

ದೇಜಪ್ಪಣ್ಣ ನೋಟನ್ನು ಬೆಳಕಿಗೆ ಹಿಡಿದು ನೋಡಿ ಒಳಗಿಟ್ಟರು.

"ಅವತ್ತು ರಶ್ ಇತ್ತು ಧಣಿ," ಎಂದರು.